ಜೀಪಿಗೆ ಮೂಡಿದ ಕೋಡು

ಮಾತಿನ ಚಪಲ ಇರುವವನಿಗೆ ಕೇಳುವ ಕಿವಿ ಎಷ್ಟಿದ್ದರೂ ಸಾಲದು ಎನ್ನುವುದಕ್ಕೆ ನಾನೇ ಸಾಕ್ಷಿ. ದಾವಣಗೆರೆಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ದಿನಕ್ಕೆ ನಾಲ್ಕು ಗಂಟೆ ಮಾತಾಡಿದರೂ ತೃಪ್ತಿಯಿಲ್ಲ. ಎದುರು ಕೂತ ಮಕ್ಕಳು ಹಾಜರಿಗಾಗಿ ಕೇಳುತ್ತಾರೆ ಎಂಬ ಅನುಮಾನ ಬೇರೆ. ಇಷ್ಟಪಟ್ಟು ಕೇಳುವವರನ್ನು ಹುಡುಕುತ್ತಾ ಹೋಗಿ ದೂರದೂರಿನ ಹವ್ಯಾಸಿಗಳ ಜೊತೆ ಮನೆಯಿಂದಲೇ ಮಾತಾಡುವ ಹ್ಯಾಮ್ ರೇಡಿಯೊದ ಹುಚ್ಚಿಗೆ ಬಿದ್ದೆ. ಅದಕ್ಕೆ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ಜೊತೆಗಿರಲಿ ಎಂದು ಹೆಂಡತಿ ಸುಮಾಳನ್ನೂ ಪರೀಕ್ಷೆಗೆ ಕೂರಿಸಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವಳು ಮೊದಲ ಸಲಕ್ಕೇ ಪಾಸಾದಳು. ನಾನು ಎಷ್ಟನೆಯ ಸಲಕ್ಕೆ ಪಾಸಾದೆ ಎಂಬುದು ಈ ಪ್ರಬಂಧಕ್ಕೆ ಅಗತ್ಯವಿಲ್ಲದ ವಿಷಯ.

ಹೀಗಿರುವಾಗ ಊರಿನ ಸೈಕಲ್ ಪ್ರಿಯರು ಒಂದು ಭಾನುವಾರ ದಾವಣಗೆರೆಯಿಂದ ಹರಿಹರದ ಹೊಳೆದಂಡೆಯವರೆಗೆ ಸವಾರಿ ಇಟ್ಟುಕೊಂಡರು. ದಾರಿಯುದ್ದಕ್ಕೂ ಸುದ್ದಿ ಮುಟ್ಟಿಸುವ ಹೊಣೆ ನಮ್ಮ ರೇಡಿಯೊ ಬಳಗದ್ದು. ಎಲ್ಲರಿಗಿಂತ ಹಿಂದಿರುವ ಸವಾರನ ಬೆನ್ನಿಗೆ ಒಂದು ಗಾಡಿ ಹೋಗಬೇಕು, ಅವನು ಎಲ್ಲಿದ್ದಾನೆಂದು ಆಗಾಗ ಹೇಳುತ್ತಿರಬೇಕು. ನನ್ನ ಬಳಿ ನಾಲ್ಕೂ ಚಕ್ರ ಎಳೆಯುವ ಜೀಪಿದೆ, ಅದರಲ್ಲಿ ರೇಡಿಯೊ ಇದೆ, ಮಾತಂತೂ ಧಾರಾಳ. ಇಲ್ಲದ್ದು ಆಂಟೆನಾ ಒಂದೇ. ಬಳಗದ ಹಿರಿಯರಾದ ಹರಿಹರದ ರುದ್ರಮುನಿಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಮೇಷ್ಟ್ರೆ, ನಿಮ್ಮನೆ ಬಾಗಿಲಿಂದ ಜೀಪಿನಾಗೆ ಕುಂತು ಮಾತಾಡ್ರಿ. ಹರಿಹರಕ್ಕೆ ಕೇಳಿದ್ರೆ ಈ ಕೆಲಸ ನಿಮ್ದು. ಇಲ್ಲಾಂದ್ರೆ ಸವಾರರಿಗೆ ಬಾಳೆಹಣ್ಣು ಹಂಚ್ರಿ." ಸವಾರರಲ್ಲಿ ಅರ್ಧದಷ್ಟು ನನ್ನ ವಿದ್ಯಾರ್ಥಿಗಳು. ಅವರ ಮುಂದೆ ಬಾಳೆಹಣ್ಣಿನ ಬುಟ್ಟಿ ಹಿಡಿದು ನಿಲ್ಲುವುದನ್ನು ನೆನೆದೇ ನನಗೆ ಬೆವರು ಬಂತು.

ಉದ್ದವಾದದ್ದೆಲ್ಲ ಒಳ್ಳೆಯದು ಎಂಬ ಭ್ರಮೆಯಲ್ಲಿ ಮೊದಲು ಏಳಡಿಯ ಆಂಟೆನಾ ತರಿಸಿದೆ. ಬಿಚ್ಚಿದ ಕೂಡಲೇ ಸುಮಾ, "ಏನ್ರೀ, ಮೀನು ಹಿಡಿಯೋಕೆ ಹೊಂಟೀರಾ?" ಎಂದಳು. ಶಾಮನೂರಿನ ನಮ್ಮ ಬಡಾವಣೆಯಲ್ಲಿ ಕೇಬಲ್ ತಂತಿಗಳು ಕೈಗೆಟುಕುವಷ್ಟು ಕೆಳಗಿವೆ. ಜೀಪಿನ ಹಿಂದೆ ಅದನ್ನು ಕಟ್ಟಿ ಬೀದಿಯ ತುದಿಯವರೆಗೆ ಹೋಗಿ ಬಂದದ್ದಕ್ಕೆ ಮೂರು ಮನೆಯವರ ಟಿವಿ ನಿಂತುಹೋಯಿತು. ಆಮೇಲೆ ಪುಸ್ತಕ ತೆರೆದು ನೋಡಿದರೆ, ನಾವು ಮಾತಾಡುವ ತರಂಗಕ್ಕೆ ಮೊಳದುದ್ದದ ಕಡ್ಡಿ ಸಾಕಂತೆ. ಅದನ್ನೂ ತರಿಸಿದೆ.

ಕೂರಿಸುವುದೆಲ್ಲಿ? ಚಾವಣಿಗೆ ತೂತು ಕೊರೆಯುತ್ತೇನೆ ಎಂದಾಗ ಸುಮಾ ಡ್ರಿಲ್ಲನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸರಿ, ತೂತೇ ಬೇಡದ ಅಯಸ್ಕಾಂತದ ಬುಡ ತಂದು ಚಾವಣಿಯ ಮೇಲಿಟ್ಟೆ. ಗಟ್ಟಿಯಾಗಿ ಕೂತಂತೆಯೇ ಕಂಡಿತು. ಮೊದಲ ಸ್ಪೀಡ್ ಬ್ರೇಕರಿನಲ್ಲಿ ಅದು ಹಾರಿ, ಪಕ್ಕದ ತಳ್ಳುಗಾಡಿಯ ಕೊತ್ತಂಬರಿ ಕಟ್ಟುಗಳ ಮೇಲೆ ಬಿತ್ತು. ಜೀಪಿನ ಚಾವಣಿ ಫೈಬರಿನದು. ಅಯಸ್ಕಾಂತ ಫೈಬರಿಗೆ ಅಂಟುವುದಿಲ್ಲ ಎಂದು ನಾನು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ.

ಕೊನೆಗೆ ಹರಿಹರದ ಟಿಂಕರಿಂಗ್ ಶೆಡ್ಡಿನ ಬಾಷಾ ಸಾಹೇಬರಲ್ಲಿಗೆ ಹೋದೆ. ನೆಗ್ಗಿದ ಬಾಗಿಲನ್ನು ಹಪ್ಪಳದಂತೆ ಸಪಾಟು ಮಾಡುವ ಕೈ ಅವರದು. ಬಾನೆಟ್ಟಿನ ಪಕ್ಕ, ಮೊದಲೇ ಇದ್ದ ಬೋಲ್ಟಿಗೆ ಒಂದು ಕಬ್ಬಿಣದ ಪಟ್ಟಿ ಬಗ್ಗಿಸಿ ಬಿಗಿದು, ಅದರ ಮೇಲೆ ಆಂಟೆನಾ ನಿಲ್ಲಿಸೋಣ ಎಂದರು. "ಪಟ್ಟಿ ಕೂರೋ ಜಾಗದಲ್ಲಿ ಬಣ್ಣ ಕೆರೆದುಬಿಡಿ, ಲೋಹಕ್ಕೆ ಲೋಹ ತಾಗಬೇಕು" ಎಂದು ಹೇಳಿ, ನಾನು ಚಹಾ ಕುಡಿಯಲು ಹೋದೆ. ಮರಳಿ ಬಂದಾಗ ಆಂಟೆನಾ ಮದುವಣಿಗನಂತೆ ನಿಂತಿತ್ತು. ಸಂತೋಷಕ್ಕೆ ಬಾಷಾ ಸಾಹೇಬರನ್ನು ಅಪ್ಪಿಕೊಂಡೆ.

ಮನೆಗೆ ಬಂದು ಬಾಗಿಲಲ್ಲೇ ಪರೀಕ್ಷೆ ಮಾಡಿದೆ. ಹರಿಹರ ಹಾಗಿರಲಿ, ಪಕ್ಕದ ಹಳ್ಳಿ ಹದಡಿಗೂ ಕೇಳಲಿಲ್ಲ. ಕಳಿಸಿದ ಶಕ್ತಿಯೆಲ್ಲ ಗೋಡೆಗೆಸೆದ ಚೆಂಡಿನಂತೆ ವಾಪಸ್ಸು ಬರುತ್ತಿದೆ ಎಂದು ಮೀಟರು ತೋರಿಸುತ್ತಿತ್ತು. ವೈರು ಬದಲಿಸಿದೆ, ಫ್ಯೂಸು ಬದಲಿಸಿದೆ, ಹವೆ ಸರಿಯಿಲ್ಲ ಎಂದೆ. ಸವಾರಿಗೆ ಉಳಿದದ್ದು ಎರಡೇ ದಿನ. ಸುಮಾ ಬಂದು ಸ್ಪ್ಯಾನರಿನಿಂದ ಪಟ್ಟಿ ಬಿಚ್ಚಿ ಬಗ್ಗಿ ನೋಡಿದಳು. "ಏನ್ರೀ, ಇಲ್ಲಿ ಹೊಸಾ ಬಣ್ಣ ಐತೆ. ಬಣ್ಣದಾಗೆ ಕರೆಂಟ್ ಹರಿತೈತಾ?" ಎಂದು ಕೇಳಿದಳು. ಭೌತಶಾಸ್ತ್ರದ ಮೇಷ್ಟ್ರು ತಲೆ ತಗ್ಗಿಸಿದರು. ಫೋನು ಮಾಡಿದರೆ ಬಾಷಾ ಸಾಹೇಬರು ನೊಂದುಕೊಂಡೇ ಹೇಳಿದರು: "ನೀವು ಹೇಳ್ದಂಗೆ ಕೆರೆದೆ ಸರ್. ಆದ್ರ ಬರೀ ಕಬ್ಬಿಣ ಹಂಗೇ ಬಿಟ್ರೆ ಜಂಗ್ ಹಿಡಿಯಲ್ವಾ? ಮನಸ್ ಬರ್ಲಿಲ್ರಿ, ಎರಡು ಕೋಟ್ ಹೊಡೆದೆ." ಅಂಥ ಕೆಲಸಗಾರನ ಮೇಲೆ ಸಿಟ್ಟಾಗುವುದು ಹೇಗೆ? ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಸುಮಾಳೇ ಆ ಬಣ್ಣವನ್ನು ಉಜ್ಜಿ ತೆಗೆದು, ಪಟ್ಟಿ ಬಿಗಿದಳು. ಮೈಕಿನ ಗುಂಡಿ ಒತ್ತಿ ಕೂಗಿದೆ. ಗುಂಡಿ ಒತ್ತಿರುವಷ್ಟು ಹೊತ್ತು ನಮ್ಮ ಮಾತು ಎಲ್ಲರಿಗೂ ಹೋಗುತ್ತದೆ, ಬಿಟ್ಟರಷ್ಟೇ ಅವರದು ನಮಗೆ ಕೇಳುತ್ತದೆ. "ಕೇಳ್ತಾ ಐತೆ ಮೇಷ್ಟ್ರೆ! ಪಕ್ಕದಾಗೇ ಕುಂತಂಗೆ ಕೇಳ್ತಾ ಐತೆ!" ಎಂದರು ರುದ್ರಮುನಿ. ನಾನು ಅಂಗಳದಲ್ಲೇ ಒಂದು ಸುತ್ತು ಕುಣಿದೆ.

ಭಾನುವಾರ ಬೆಳಗ್ಗೆ ಸುಮಾ ಕೈರೇಡಿಯೊ ಹಿಡಿದು ಹರಿಹರದ ಹೊಳೆದಂಡೆಯಲ್ಲಿ ನಿಂತಳು. ತಮ್ಮ ಕೆಲಸ ಹೇಗಿದೆ ನೋಡುತ್ತೇನೆಂದು ಬಾಷಾ ಸಾಹೇಬರು ನನ್ನ ಪಕ್ಕ ಕೂತರು. ಎಲ್ಲರಿಗಿಂತ ಹಿಂದಿದ್ದವರು ತುಂಬು ಮೈಯ ಜವಳಿ ಅಂಗಡಿ ಸಾಹುಕಾರರು. ಅವರ ಹಿಂದೆ ಜೀಪು ತೆವಳುತ್ತಿತ್ತು. ಬೇಸರ ಕಳೆಯಲು ಮೈಕನ್ನು ಪಕ್ಕಕ್ಕೆ ಹಾಕಿ, ಸೀಟಿನ ಮೇಲಿನ ಮಂಡಕ್ಕಿ ಪೊಟ್ಟಣ ಬಿಚ್ಚಿ, ನನ್ನ ಪ್ರತಾಪ ಶುರು ಮಾಡಿದೆ. "ಬಣ್ಣದ ದೋಷ ಕಂಡುಹಿಡಿದಿದ್ದು ನಾನೇ ಸಾಹೇಬ್ರೆ. ಮೀಟರ್ ನೋಡಿದ ಕೂಡ್ಲೇ ಹೊಳೀತು. ನಮ್ಮನೆಯೋರಿಗೆ ಇದೆಲ್ಲ ಎಲ್ಲಿ ತಿಳೀಬೇಕು? ಪಾಪ, ಸ್ಪ್ಯಾನರ್ ಕೊಡು ಅಂದ್ರೆ ಸೌಟು ತರ್ತಾಳೆ. ರುದ್ರಮುನಿಯವರಿಗೂ ವಯಸ್ಸಾಯ್ತು, ಇನ್ನು ಬಳಗ ನಾನೇ ನಡೆಸಬೇಕೇನೋ."

ಬಾಷಾ ಸಾಹೇಬರು ನನ್ನ ತೊಡೆಯತ್ತ ನೋಡಿದರು. "ಸರ್, ನೀವು ಮೈಕ್ ಮ್ಯಾಲೆ ಕುಂತೀರಿ."

ಕೂತಲ್ಲೇ ಅರ್ಧ ಎದ್ದು ತೆಗೆದೆ. ಗುಂಡಿ ಅದೆಷ್ಟು ಹೊತ್ತು ಒತ್ತಿಕೊಂಡಿತ್ತೋ ದೇವರೇ ಬಲ್ಲ. ಗುಂಡಿ ಬಿಟ್ಟೊಡನೆ ರೇಡಿಯೊ ಬಾಯಿಬಿಟ್ಟಿತು. ಮೊದಲು ರುದ್ರಮುನಿಯವರ ನಗು ಕೇಳಿಸಿತು. ಆಮೇಲೆ ಸುಮಾಳ ತಣ್ಣನೆಯ ದನಿ: "ಆಂಟೆನಾ ಭಾಳ ಚಂದ ಕೆಲಸ ಮಾಡ್ತಾ ಐತ್ರಿ. ಒಂದಕ್ಷರ ತಪ್ಪದಂಗೆ ಎಲ್ಲಾರೂ ಕೇಳಿದ್ವಿ. ಸೌಟು ಹಿಡ್ಕಂಡು ಹೊಳೆದಂಡ್ಯಾಗೆ ಕಾಯ್ತಿದೀನಿ, ಬರ್ರಿ. ಓವರ್."

ಹರಿಹರ ಇನ್ನು ನಾಲ್ಕೇ ಕಿಲೋಮೀಟರು. ಅಷ್ಟರಲ್ಲಿ ಸಾಹುಕಾರರಿಗೆ ಎಲ್ಲಿಲ್ಲದ ಹುರುಪು ಬಂದು, ಎದ್ದು ನಿಂತು ಪೆಡಲು ತುಳಿಯತೊಡಗಿದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈಮುಗಿದೆ.

"ಸಾವ್ಕಾರ್ರೆ, ಅಷ್ಟು ಅವಸರ ಯಾಕ್ರಿ? ಆ ಮರದ ನೆರಳಿಗೆ ಸ್ವಲ್ಪ ಕೂಡ್ರಿ, ಮಂಡಕ್ಕಿ ತಿನ್ನೋಣ."