ಋಣಭಾರ ಹೊರಲಿರುವ ಮನೆಗೊಂದು ಬಿನ್ನಹ

ಎಲ್ಮ್ ಬೀದಿಯ ತುದಿಯಲ್ಲಿ ಬಿಳಿ ಬಣ್ಣ ಬಳಿದುಕೊಂಡು, ಹೊಸ ಅಡುಗೆಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಗಂಭೀರವಾಗಿ ನಿಂತಿರುವ ಮಾನ್ಯ ಮನೆಯವರೇ,

ಟೆಸ್ಸಾ ಹಡ್‌ಸ್ಪೆತ್ ಮಾಡುವ ಅನಂತ ನಮಸ್ಕಾರಗಳು. ತಮ್ಮ ಸೂರು, ಕಿಟಕಿ, ಹೊಗೆಗೂಡು ಎಲ್ಲವೂ ಸುಖವಾಗಿವೆಯೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ.

ಈಗ ರಾತ್ರಿ ಎರಡೂವರೆ. ನನ್ನನ್ನು ಎಬ್ಬಿಸಿದ್ದು ಹಲ್ಲು ಬರುತ್ತಿರುವ ಮಗಳು ಜೂನಿಯ ಅಳುವಲ್ಲ, ಅವಳು ಪುಣ್ಯಕ್ಕೆ ಮಲಗಿದ್ದಾಳೆ. ನನ್ನ ಗಂಡ ಲೆವೈ, ತಮಗೆ ಆ ಅಡುಗೆಮನೆಯನ್ನು ಕಟ್ಟಿಕೊಟ್ಟ ಬಡಗಿ, ನಿದ್ದೆಯಲ್ಲೇ ಸ್ಪಷ್ಟವಾಗಿ ಹೇಳಿದ: "ಅಯ್ಯೋ, ಪರವಾಗಿಲ್ಲ ಗ್ರೇಡಿ ಸಾರ್, ಮುಂದಿನ ವಾರಾನೇ ಕೊಡಿ." ಚಳಿಗಾಲ ಪೂರ್ತಿ ಹಗಲು ಹೊತ್ತಿನಲ್ಲಿ ಹೇಳಿದ್ದು ಸಾಲದೆ, ಈಗ ರಾತ್ರಿ ಪಾಳಿಯೂ ಶುರುವಾಗಿದೆ.

ಈ ದೂರನ್ನು ತಮ್ಮ ಯಜಮಾನರಾದ ಶ್ರೀ ಗ್ರೇಡಿ ಪೆಟಿಬೋನ್ ಅವರಿಗೆ ಬರೆಯದೆ ತಮಗೇಕೆ ಬರೆಯುತ್ತಿದ್ದೇನೆಂದರೆ, ಕಾನೂನು ತಮ್ಮ ಕಡೆಗೇ ಬೆರಳು ತೋರಿಸುತ್ತದೆ. ಕಟ್ಟಿದವನಿಗೆ ಕೂಲಿ ಸಿಗದಿದ್ದರೆ ಅವನು ಹಿಡಿಯಬೇಕಾದದ್ದು ಕಟ್ಟಿಸಿದವನ ಕೊರಳಪಟ್ಟಿಯನ್ನಲ್ಲ, ಕಟ್ಟಡವನ್ನು. ಕೌಂಟಿ ಕಚೇರಿಯಲ್ಲಿ ಲೀನ್ ಎಂಬ ಋಣಭಾರವನ್ನು ತಮ್ಮ ಹೆಸರಿಗೆ ದಾಖಲಿಸಿದರೆ, ಅದು ತೀರುವ ತನಕ ತಮ್ಮನ್ನು ಮಾರುವುದೂ ಕಷ್ಟ, ಅಡವಿಡುವುದೂ ಕಷ್ಟ. ಕಾಲೇಜಿನಲ್ಲಿ ನಾಲ್ಕು ವರ್ಷ ತತ್ವಶಾಸ್ತ್ರ ಓದಿದವಳು ನಾನು. ಗೋಡೆಗೂ ಋಣವಿರುತ್ತದೆಂದು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ತಾವು ಆ ಮೇಕೆ. ಮನ್ನಿಸಬೇಕು.

ತಮ್ಮ ಯಜಮಾನರ ಔದಾರ್ಯವನ್ನು ನಾಲ್ಕು ಮಾತಿನಲ್ಲಿ ಹೊಗಳದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಅವರು ಫೋನ್ ಮಾಡಿ, "ಲೆವೈ, ಕಪಾಟಿನ ಬಾಗಿಲು ಒಂಚೂರು ಕಿರುಗುಟ್ತಿದೆ ಕಣಪ್ಪ, ನೆಂಟರು ಬರೋ ಹೊತ್ತು, ಬಂದು ನೋಡ್ತೀಯಾ?" ಎಂದರು. ಇವನು ಓಡಿದ. ತಿರುಪು ಬಿಗಿಯುತ್ತಿರುವಾಗಲೇ ಮೇಜಿನ ಸುತ್ತ ಪ್ರಾರ್ಥನೆ ಶುರುವಾಗಿ, ಕೈಯಲ್ಲಿ ತಿರುಪುಳಿ ಹಿಡಿದೇ ತಲೆ ಬಾಗಿಸಿ ನಿಂತನಂತೆ. ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಸಾಲು ಸಾಲು ತಿರುಗುವ ತಮ್ಮ ಯಜಮಾನರು ಕಣ್ಣು ಮುಚ್ಚಿ, "ಕರ್ತನೇ, ಈ ಚಂದದ ಅಡುಗೆಮನೆ ನೀನು ಕೊಟ್ಟದ್ದು" ಎಂದರು. ಲೆವೈ ಕೂಡ ಆಮೆನ್ ಎಂದ! ಕೊಟ್ಟವನು ಕರ್ತನೇ ಆದಮೇಲೆ ಬಡಗಿಗೆ ದುಡ್ಡು ಕೊಡುವುದು ದೈವನಿಂದೆಯಾದೀತೆಂದು ಆ ಭಕ್ತರು ಹೆದರಿರಬೇಕು. ಬರುವಾಗ ಹಬ್ಬದ ಸಿಹಿಯೆಂದು ಅರ್ಧ ಪೆಕನ್ ಪೈ ಕೊಟ್ಟು ಕಳಿಸಿದರು. ಅದನ್ನಿಟ್ಟ ತಟ್ಟೆ ಎಲ್ಲಿ ಎಂದು ಶ್ರೀಮತಿ ಪೆಟಿಬೋನ್ ಆಮೇಲೆ ಎರಡು ಬಾರಿ ಫೋನ್ ಮಾಡಿದ್ದಾರೆ. ಬಾಕಿ ವಸೂಲಿಯನ್ನು ನಾವು ಅವರಿಂದ ಕಲಿಯಬೇಕು.

ಆ ತಿರುಪು ಬಿಗಿದ ದಿನದಿಂದ ಲೀನ್ ದಾಖಲಿಸುವ ಗಡುವು ಹೊಸದಾಗಿ ಶುರುವಾಯಿತೆಂದು ಲೆವೈ ನಿಶ್ಚಿಂತನಾಗಿದ್ದ. ನಿನ್ನೆ ಕೌಂಟಿ ಕಚೇರಿಯ ಗುಮಾಸ್ತೆ ಓಪಲ್ ಅವರು ನನ್ನ ಅರ್ಜಿಯನ್ನು ಕನ್ನಡಕದ ಮೇಲಿನಿಂದ ನೋಡಿ, "ನಾನು ವಕೀಲಳಲ್ಲಮ್ಮ, ನನ್ನ ಮಾತು ಅಂತ ಎಲ್ಲೂ ಹೇಳ್ಬೇಡ. ಆದ್ರೆ ಎಣಿಸೋದು ಕೆಲಸ ಮುಗಿದ ದಿನದಿಂದ, ಉಪಕಾರ ಮಾಡಿದ ದಿನದಿಂದ ಅಲ್ಲ. ನಾಳೆಗೆ ಮುಗೀತು. ನಾಳಿದ್ದು ತಂದ್ರೆ ಇದು ಮೂಗೊರೆಸೋ ಕಾಗದ" ಎಂದರು. ಆಮೇಲೆ ಅರ್ಜಿಯನ್ನೇ ಹಿಂದಕ್ಕೆ ತಳ್ಳಿದರು. "ಎಲ್ಮ್ ಬೀದಿ ಅಂತ ಬರೆದಿದ್ದೀಯಲ್ಲೇ, ಅದು ಅಂಚೆಯವನು ಕರೆಯೋ ಹೆಸರು. ಮನೆಯ ನಿಜವಾದ ಹೆಸರು ತಗೊಂಡು ಬಾ. ಮಗೂನ ಇಲ್ಲಿ ಕೊಡು, ಆ ಕಡೆ ನಕ್ಷೆ ಇದೆ, ಹುಡುಕು."

ಹುಡುಕಿದೆ. ತಮ್ಮ ಜಾತಕದ ಹೆಸರು 'ಕ್ರಾಬಲ್ ಅವರ ಎರಡನೆಯ ಬಡಾವಣೆ, ಆರನೇ ಬ್ಲಾಕ್, ಒಂಬತ್ತನೇ ನಿವೇಶನ, ಪೂರ್ವದ ಹತ್ತು ಅಡಿ ಹೊರತು'. ಎಂಥ ರಾಜಗಾಂಭೀರ್ಯ! ಇಷ್ಟು ದಿನ ಬರೀ ಕರೆಯುವ ಹೆಸರು ಹಿಡಿದು ತಮ್ಮನ್ನು ಬೈಯುತ್ತಿದ್ದೆ. ಒಂದು ಬೈಗುಳವೂ ಸರಿಯಾದ ವಿಳಾಸಕ್ಕೆ ತಲುಪಿರಲಾರದು. ಇನ್ನು ಮುಂದೆ ಪೂರ್ವದ ಹತ್ತು ಅಡಿ ಬಿಟ್ಟೇ ಬೈಯುತ್ತೇನೆ.

ಅರ್ಜಿ ಈಗ ಸರಿಯಾಗಿದೆ. ರಾತ್ರಿ ಊಟದ ಹೊತ್ತಿಗೆ ಲೆವೈ ಮುಂದೆ ಇಟ್ಟೆ. "ಕೈ ಕುಲುಕಿದ್ದೀವಿ ಕಣೇ," ಎಂದ. "ಕೈ ಕುಲುಕಿದ ಮೇಲೆ ಕಾಗದ ಎಲ್ಲಿಂದ ಬಂತು? ನಾಳೆ ಊರಲ್ಲಿ ಯಾರು ನನ್ನ ಕರೀತಾರೆ? ಲೀನ್ ಹಾಕೋನು ಬಂದ, ಬೇಲಿ ಹಾಕ್ಕೊಳ್ಳಿ ಅಂತಾರೆ." ನಾನೂ ಸುಮ್ಮನಿರಲಿಲ್ಲ. "ಅವರ ಅಡುಗೆಮನೆಗೆ ತಂದ ಮರದ ಸಾಲ ನಮ್ಮ ಹೆಸರಲ್ಲಿದೆ, ಅಂಗಡಿಯವರು ಶುಕ್ರವಾರ ನಿನ್ನ ಪಿಕಪ್ ಗಾಡಿ ಎಳ್ಕೊಂಡು ಹೋಗ್ತಾರೆ, ಏಣಿ ಹೊತ್ಕೊಂಡು ನಡೆದು ಹೋಗ್ತೀಯಾ ಕೆಲಸಕ್ಕೆ?" ಎಂದೆ. ಅವನು ಸಹಿ ಹಾಕಿದ. ತಟ್ಟೆ ಹಾಗೇ ಬಿಟ್ಟು ಎದ್ದುಹೋದ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೆಂದರೆ, ಆ ಅಡುಗೆಮನೆಯನ್ನು ಸ್ವಲ್ಪ ಕಾಲ ಕಳಚಿ ನಮ್ಮ ಅಂಗಳದಲ್ಲಿ ಬಿಟ್ಟುಹೋಗುವುದು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಯಜಮಾನರು ಕಾಫಿ ಕಾಯಿಸಲು ಬಂದಾಗ ಹದಿನಾರು ಕಪಾಟುಗಳೂ ಒಟ್ಟಿಗೆ ಬಾಯಿ ತೆರೆದು ಲೆವೈ ಹೆಸರು ಕೂಗುವುದು. ಅದೂ ಆಗದಿದ್ದರೆ ಬೆಳಗಾಗುತ್ತಲೇ ತಾವೇ ದಯಮಾಡಿಸಿ ಓಪಲ್ ಅವರ ಮುಂದೆ, "ಇವರಿಗೆ ಕೊಡಬೇಕಾದದ್ದು ನಿಜ" ಎಂದು ಹೇಳಿಕೆ ಕೊಡುವುದು. ಕಚೇರಿಯ ಬಾಗಿಲು ಅಗಲವಾಗಿದೆ, ತಾವು ಹಿಡಿಸುತ್ತೀರಿ.

ತಮ್ಮ ಸುಖವನ್ನೇ ಬಯಸುವ,
ತಮ್ಮ ವಿಶ್ವಾಸಿ,
ಟೆಸ್ಸಾ ಹಡ್‌ಸ್ಪೆತ್

ಮರೆತ ಮಾತು: ಒಮ್ಮೆ ಬಿದ್ದ ಋಣಭಾರವನ್ನು ಇಳಿಸಲಿಕ್ಕೂ ನಮ್ಮದೇ ಸಹಿ ಬೇಕಂತೆ. ಮುಂದಿನ ವಾರ, ಮುಂದಿನ ವಾರ ಅನ್ನುವುದನ್ನು ನಾವೂ ಒಳ್ಳೆಯ ಗುರುಗಳಿಂದಲೇ ಕಲಿತಿದ್ದೇವೆ. ಆದರೆ ಗ್ರೇಡಿ ಸಾರ್, ಇದನ್ನು ನಿಮ್ಮ ಬಾಗಿಲಿಗೆ ಸಿಕ್ಕಿಸಲು ಬಂದರೆ ನಿಮ್ಮ ಕಿಟಕಿಯಲ್ಲಿ ದೀಪ ಕಂಡಿತು. ಓದುತ್ತಿರುವವರು ನೀವೇ ಆಗಿದ್ದರೆ, ಇಷ್ಟು ಹೊತ್ತು ಆಡಿದ್ದೆಲ್ಲ ಬಿಟ್ಟುಬಿಡಿ. ಕಚೇರಿ ಎಂಟಕ್ಕೆ ತೆರೆಯುತ್ತದೆ, ನಾನು ಮಗುವನ್ನೆತ್ತಿಕೊಂಡು ಹೊರಟರೆ ಲೆವೈ ಈ ಊರಿನಲ್ಲಿ ಮತ್ತೆ ತಲೆಯೆತ್ತಿ ನಡೆಯುವುದಿಲ್ಲ. ಈಗ ಕೈ ಬಿಗಿಯಾಗಿದೆ, ಅರ್ಧ ಕೊಡುತ್ತೇನೆ ಅನ್ನಿ, ಅದನ್ನೇ ಮರದಂಗಡಿಯವರಿಗೆ ಹೇಳುತ್ತೇನೆ. ಬರವಣಿಗೆಯಲ್ಲಿ ಬೇಡ, ಅವನಿಗೆ ಬಾಯಿಮಾತಲ್ಲೇ ಹೇಳಿ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ ಸಾರ್, ನಾನು ಎಚ್ಚರವಾಗಿದ್ದೇನೆ.