ಹೂಂ ಎನ್ನುವ ಕೆಲಸ

ಓದಿದವರಿಗೆ ಓದದವರಿಂದ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ, ಬೇಕಾದಷ್ಟಿದೆ ಎಂದು ಈಗ ನಾನು ಧೈರ್ಯವಾಗಿ ಹೇಳುತ್ತೇನೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನ್ನನ್ನು ಮೊಮ್ಮಗಳು ಸಿಂಚನ, ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಅಡುಗೆಮನೆಯಲ್ಲೇ ಕಾಲೇಜಿಗೆ ಸೇರಿಸಿಕೊಂಡಳು. ಅವಳು ನರ್ಸಾಗುವವಳು. ನಮ್ಮ ವಂಶದಲ್ಲಿ ಸೂಜಿ ಕಂಡರೆ ಓಡಿದವರೇ ಎಲ್ಲ. ಚುಚ್ಚಲು ಹೊರಟವಳು ಇವಳೇ ಮೊದಲು. ಈ ಸಂತೋಷ ತಡೆಯಲಾಗದೆ ಪಕ್ಕದ ಮನೆಯ ಚೀನಾದ ಅಜ್ಜಿಗೂ ಹೇಳಿದೆ. ಭಾಷೆ ಬಾರದ್ದಕ್ಕೆ ತೋಳಿಗೆ ಸೂಜಿ ಚುಚ್ಚಿಕೊಂಡಂತೆ ಮಾಡಿ ತೋರಿಸಿದೆ. ಪಾಪ, ಆಕೆ ನನಗೇ ಕಾಯಿಲೆಯೆಂದು ತಿಳಿದು ಸಂಜೆಗೆ ಬಿಸಿ ಸೂಪು ತಂದುಕೊಟ್ಟರು. ಕುಡಿದೆ, ಚೆನ್ನಾಗಿತ್ತು.

ನರ್ಸಿಂಗಿಗೆ ಅರ್ಜಿ ಹಾಕುವ ಮುಂಚೆಯೇ ಬೇರೆ ಓದು ಮುಗಿಸಬೇಕಂತೆ. ದೇಹದ ಪಾಠ, ಕೆಮಿಸ್ಟ್ರಿ, ಕಣ್ಣಿಗೆ ಕಾಣದ ಕ್ರಿಮಿಗಳ ಪಾಠ, ಮೇಲೊಂದು ಸ್ಟ್ಯಾಟ್ಸ್ ಅಂತ ಅಂಕಿಅಂಶದ ಲೆಕ್ಕ. ನಾಲ್ಕನ್ನೂ ಅವಳು ಒಟ್ಟಿಗೇ ಹೊತ್ತುಕೊಂಡಳು. ಸೇರುವ ದಿನ "ಅಜ್ಜಿ, ಐ ಕ್ಯಾನ್ ಡೂ ಇಟ್, ಅಲ್ವಾ?" ಎಂದು ಕೇಳಿದ್ದಳು. ನಾನು ರೊಟ್ಟಿ ತಟ್ಟುತ್ತಾ "ಹೂಂ" ಎಂದಿದ್ದೆ.

ಗೊತ್ತಿಲ್ಲದವರಿಗೆ ಹೇಳಿಕೊಟ್ಟರೆ ಪಾಠ ತಲೆಯಲ್ಲಿ ನಿಲ್ಲುತ್ತದೆ ಎಂದು ಅವಳ ಟೀಚರು ಹೇಳಿದ್ದರಂತೆ. ಗೊತ್ತಿಲ್ಲದವರಲ್ಲಿ ನನ್ನನ್ನು ಮೀರಿಸುವವರು ಮನೆಯಲ್ಲಿ ಯಾರಿದ್ದಾರೆ? ದಿನಾ ಸಂಜೆ ನಾನು ಸೊಪ್ಪು ಬಿಡಿಸುವಾಗ ಅವಳು ಗುಂಡಿಗೆಯ ಚಿತ್ರ ಹಿಡಿದು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಪಾಠ ಶುರುಮಾಡುವಳು. ನಾನು ಹೂಂಗುಟ್ಟುವೆ. ನಮ್ಮ ಮಂಡ್ಯದ ಕಡೆ ಕಥೆ ಕೇಳುವುದೇ ಹಾಗೆ. ಕೇಳುವವರು ಹೂಂಗುಟ್ಟದಿದ್ದರೆ ಕಥೆ ದಾರಿ ತಪ್ಪುತ್ತದೆ ಎಂದು ನಮ್ಮವ್ವ ಗದರುತ್ತಿದ್ದಳು. ನಿದ್ದೆಯಲ್ಲೂ ಹೂಂಗುಟ್ಟುವಷ್ಟು ಪಳಗಿದವಳು ನಾನು.

ಪರೀಕ್ಷೆಯಲ್ಲಿ ಗುಂಡಿಗೆಯೇ ಕೈಕೊಟ್ಟಿತು. ಇನ್ನೊಮ್ಮೆ ಹೀಗಾದರೆ ನರ್ಸಿಂಗ್ ಸೀಟು ಸಿಗುವುದಿಲ್ಲವೆಂದು ಅಳುತ್ತಾ ಬಂದಳು.

"ನಿಂಗೆ ಅರ್ಥ ಆಗ್ತಿದೆ, ಸೋ ನಾನು ಸರಿಯಾಗಿ ಹೇಳ್ತಿದೀನಿ ಅಂದ್ಕೊಂಡೆ ಅಜ್ಜಿ. ಹೂಂ ಹೂಂ ಅಂತಿದ್ಯಲ್ಲ!"

"ನಂಗೆಲ್ಲವ್ವ ಅರ್ಥ ಆಯ್ತದೆ? ನೀ ಹೇಳ್ತಿದ್ದೆ, ನಾ ಹೂಂ ಅಂತಿದ್ದೆ. ಹೇಳೋರ್‍ಗೆ ಮರ್ಯಾದೆ ಬ್ಯಾಡ್ವಾ?"

"ಓ ಮೈ ಗಾಡ್, ಅಜ್ಜಿ!" ಅಳುತ್ತಿದ್ದವಳು ನಕ್ಕುಬಿಟ್ಟಳು.

ಅಂದಿನಿಂದ ಹೊಸ ಕಾನೂನು ಬಂತು: ಅರ್ಥವಾಗದೆ ಹೂಂ ಎನ್ನುವಂತಿಲ್ಲ. ಬಾಯಿ ಬಿಗಿಹಿಡಿದು ಕೂತೆ. ರಕ್ತ ಗುಂಡಿಗೆಗೆ ಬಂದು, ಶ್ವಾಸಕೋಶಕ್ಕೆ ಹೋಗಿ, ಮತ್ತೆ ಗುಂಡಿಗೆಗೇ ಬರುತ್ತದೆ ಎಂದಳು. "ಅಲ್ಲಿಗಂಟ ಹೋಗಿದ್ದು ಹಂಗೇ ಮೈಗೆ ಹೋಗಬಾರ್ದಾ? ತಿರುಗಿ ಯಾಕೆ ಬರ್ಬೇಕು?" ಎಂದೆ. ಅವಳು ಪುಸ್ತಕ ತಿರುವಿದಳು. ಕೊನೆಗೆ, "ಲಂಗ್ಸ್ ಸುತ್ತಿ ಬರೋ ಹೊತ್ತಿಗೆ ಅದರ ಫೋರ್ಸ್ ಕಮ್ಮಿಯಾಗಿರತ್ತೆ ಅಜ್ಜಿ. ಅದಕ್ಕೇ ಇನ್ನೊಂದು ಪುಶ್ಶು" ಎಂದಳು. ಆಗ ಹೂಂ ಎಂದೆ. ತಿಳಿದು ಹೂಂ ಎಂದರೆ ಇಷ್ಟು ಹಿತವೆಂದು ಈ ವಯಸ್ಸಿನವರೆಗೂ ನನಗೆ ಗೊತ್ತೇ ಇರಲಿಲ್ಲ. ಅವಳು ಅಡುಗೆಮನೆಯಲ್ಲೇ ಕುಣಿದಳು.

ಕುಣಿತ ಮುಗಿದ ಮೇಲೆ ಮೆಲ್ಲಗೆ ಕೇಳಿದಳು: "ಫ್ರೈಡೇ ಲಾಸ್ಟ್ ಡೇಟು ಅಜ್ಜಿ, ಕೋರ್ಸ್ ಬಿಡೋಕೆ. ಬಿಡೋದು ಬೇಡ. ನಾಲ್ಕೂ ಆಗತ್ತೆ, ಅಲ್ವಾ?"

ಹೂಂ ಗಂಟಲವರೆಗೆ ಬಂದಿತ್ತು. ತಡೆದೆ. ಸೇರುವ ದಿನ ಅವಳು ಕೇಳಿದ್ದೂ ಇದನ್ನೇ. ನಾನು ಯೋಚಿಸದೆ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಂತೆ ಹೂಂ ಹಾಕಿದ್ದೆ.

"ಹೆಂಗಾಯ್ತದೆ ಮಗಾ? ನಂಗೆ ಅರ್ಥ ಆಗೋಗಂಟ ಹೇಳು."

ಹೇಳತೊಡಗಿದಳು. ಯಾವಾಗ ಕ್ಲಾಸು, ಯಾವಾಗ ಲ್ಯಾಬು, ಯಾವಾಗ ಓದು. "ಮಲಗೋದು?" ಎಂದೆ. ಬೆರಳು ಮಡಿಸಿ ಗಂಟೆ ಎಣಿಸಿದವಳು, "ಸ್ಟ್ಯಾಟ್ಸ್ ಸಮ್ಮರ್‌ಗೆ ಹಾಕ್ತೀನಿ. ಬಟ್ ಅಪ್ಪ ಏನಂತಾರೋ" ಎಂದಳು.

"ನಾ ಹೇಳ್ತೀನಿ ಬುಡು. ನನ್ ಮಾತು ಕಿವಿಗೆ ಹಾಕ್ಕೊಳ್ದೇನೇ ಹೂಂ ಅಂತಾನೆ ನಿಮ್ಮಪ್ಪ."

ಅಂದುಕೊಂಡಂತೆಯೇ ಆಯಿತು. ಮುಂದಿನ ಪರೀಕ್ಷೆಯಲ್ಲಿ ಗುಂಡಿಗೆಯೂ ದಾರಿಗೆ ಬಂತು. ಪಕ್ಕದ ಅಜ್ಜಿಗೆ ರವೆ ಉಂಡೆ ಕೊಟ್ಟೆ, ಈ ಸಲ ಅಭಿನಯ ಮಾಡಲಿಲ್ಲ.

ಇದನ್ನೆಲ್ಲ ಬರೆದು ಸಿಂಚನಾಗೆ ಓದಿ ಹೇಳಿದೆ. ಕ್ರಿಮಿಗಳ ಪುಸ್ತಕದಿಂದ ಕಣ್ಣೆತ್ತದೆ ಸಾಲುಸಾಲಿಗೂ "ಹೂಂ ಅಜ್ಜಿ... ಹೂಂ" ಎಂದಳು. ಅರ್ಥವಾಯಿತೇ ಎಂದು ಕೇಳಹೊರಟು ಸುಮ್ಮನಾದೆ. ಅವಳು ಹೂಂ ನಿಲ್ಲಿಸಿಬಿಟ್ಟರೆ, ನನ್ನ ಕಥೆ ದಾರಿ ತಪ್ಪುತ್ತದಲ್ಲ!