ಸಾಂಬಾರಿಗೆ ಲವಂಗ ಹಾಕಿದವರು ಯಾರು?

ಜ್ವರ ಬಂದವನಿಗೆ ಜನ ಕಂಬಳಿ ಹೊದೆಸಿ ಮಲಗಿಸುತ್ತಾರೆ. ಹೊಟ್ಟೆನೋವು ಬಂದವನನ್ನು ಅವನ ಪಾಡಿಗೆ ಬಿಡುತ್ತಾರೆ. ಹಲ್ಲುನೋವು ಬಂದವನಿಗೆ ಮಾತ್ರ ಮೊದಲು ಅವನ ಬಾಯಿ ತೆರೆಸಿ ಇಣುಕುತ್ತಾರೆ, ಆಮೇಲೆ ತಮ್ಮ ಬಾಯಿ ತೆರೆದು ತಮ್ಮ ಹಲ್ಲಿನ ಕಥೆ ಶುರುಮಾಡುತ್ತಾರೆ. ಅದರಲ್ಲೂ ನನ್ನ ಹಾಗೆ ಗಲ್ಲಾದಲ್ಲಿ ಕೂತವನಿಗೆ ಎದ್ದು ಓಡುವ ಭಾಗ್ಯವೂ ಇಲ್ಲ. ಎಂಬತ್ತರ ದಶಕದಲ್ಲಿ ಡೊಂಬಿವಲಿ ಸ್ಟೇಶನ್ನಿನ ಪೂರ್ವಕ್ಕೆ ನನ್ನದೊಂದು ಪುಟ್ಟ ಹೋಟೆಲು ಇತ್ತು. ಲೋಕಲ್ ಗಾಡಿ ಹಿಡಿಯುವ ಅವಸರದಲ್ಲಿ ಚಿಲ್ಲರೆ ಎಣಿಸಲೂ ಪುರುಸೊತ್ತಿಲ್ಲದ ಜನ, ನನ್ನ ಕೆನ್ನೆ ಊದಿದ್ದು ಕಂಡ ಕೂಡಲೇ ಗಾಡಿ ಬಿಟ್ಟು ನಿಂತು ಸಲಹೆ ಕೊಡುತ್ತಿದ್ದರು. ಬಿಜಾಪುರದ ಕಡೆಯ ಶರಣಪ್ಪ ಎಂಬ ಹಮಾಲ ನಮ್ಮ ಖಾಯಂ ಗಿರಾಕಿ. ಅವನದು ಒಂದೇ ಮಾತು: "ಕಿತ್ತ್ ಒಗೀರಿ ಯಜಮಾನ್ರ ಅತ್ಲಾಗ! ಒಂದ್ ಹಲ್ಲಿಗೆ ಇಷ್ಟ್ಯಾಕ ಜೀವಾ ತಿಂತೀರಿ?"

ಜೀವ ತಿನ್ನುತ್ತಿದ್ದದ್ದು ನಾನಲ್ಲ, ಹಲ್ಲು. ಎಡಗಡೆಯ ಕೆಳಗಿನ ದವಡೆಹಲ್ಲು. ಅದು ಹುಳುಕಾಗಲು ಕಾರಣ ಸಕ್ಕರೆ ಸುರಿದು ಮಾಡಿದ ರವೆಯ ಶಿರಾ. ದಿನಾ ಬೆಳಿಗ್ಗೆ ಶಿರಾ ಸರಿಯಾಗಿದೆಯೇ ಎಂದು ರುಚಿ ನೋಡುವುದು ಮಾಲೀಕನ ಕರ್ತವ್ಯ. ಒಂದು ಚಮಚದಲ್ಲಿ ಗೊತ್ತಾಗದಿದ್ದರೆ ಒಂದು ಪ್ಲೇಟು. "ಇದು ರುಚಿ ನೋಡುವುದೋ, ತಿಂಡಿ ತಿನ್ನುವುದೋ?" ಎಂದು ನನ್ನ ಹೆಂಡತಿ ಸುಮತಿ ಕೇಳುತ್ತಿದ್ದಳು. ಹೆಂಗಸರಿಗೆ ವ್ಯಾಪಾರದ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡು ಇನ್ನೊಂದು ಚಮಚ ಬಾಯಿಗೆ ಹಾಕುತ್ತಿದ್ದೆ. ನೋವು ಶುರುವಾದಾಗ ಅವಳೇ ಲವಂಗದ ಎಣ್ಣೆಯ ಸೀಸೆ ಹಿಡಿದುಕೊಂಡು ಹಿಂದೆ ಮುಂದೆ ಓಡಾಡಿದಳು. ಹತ್ತಿಯನ್ನು ಅದರಲ್ಲಿ ಅದ್ದಿ ಹಲ್ಲಿಗೆ ಒತ್ತುವುದು, ನಾನು "ಹಾ!" ಎನ್ನುವುದು, ಕಡೆಗೆ ಒಂದು ದಿನ ತಣ್ಣೀರು ತಾಗಿದ್ದೇ ತಲೆಯ ತನಕ ಸಿಡಿದು ನಾನು ಹಲ್ಲಿನ ಡಾಕ್ಟರ ಬಳಿ ಓಡಿದ್ದು. ಅವರು ಮರಾಠಿ ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಹಲ್ಲಿನ ಡಾಕ್ಟರಿಗೆ ಇದಕ್ಕಿಂತ ಸರಿಯಾದ ಹೆಸರು ಕನ್ನಡಿಗರಾದ ನಮಗೆ ಎಲ್ಲಿ ಸಿಗಬೇಕು!

ಕೀಳಿಸಿಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡು ಹೋಗಿದ್ದೆ. ಡಾಕ್ಟರ್ ಬಾಯಿ ಹಲ್ಲಿಗೆ ತಣ್ಣಗಿನದೇನೋ ಮುಟ್ಟಿಸಿದರು, ನಾನು ಕುರ್ಚಿಯಿಂದ ಅರ್ಧ ಎದ್ದೆ, ಅವರಿಗೆ ಭಾರೀ ಸಂತೋಷವಾಯಿತು. "ನಸ ಜಿವಂತ ಆಹೆ!" ಅಂದರು. ನರ ಬದುಕಿದೆಯಂತೆ. ತಣ್ಣಗಿನದು ತೆಗೆದ ಮೇಲೆ ನೋವು ನಿಂತಿತೇ ಎಂದು ಕೇಳಿದರು. ನಿಂತಿತ್ತು. ಹಾಗಾದರೆ ಹಲ್ಲನ್ನು ಕೀಳುವುದು ಪಾಪ ಎಂದರು. ನೋವು ಬರಬೇಕು, ಬಂದರೆ ನಿಲ್ಲಬೇಕು, ಬಂದು ಅಲ್ಲೇ ಠಿಕಾಣಿ ಹೂಡಿದರೆ ಮಾತ್ರ ನರ ಸಾಯುತ್ತಿದೆ ಎಂದು ಅರ್ಥವಂತೆ. ನೋವು ಬಂತೆಂದು ದೇವರಿಗೆ ಕೈಮುಗಿಯುವ ಕಾಲ ನನಗೆ ಬಂತಲ್ಲಪ್ಪ ಎನಿಸಿತು.

ಅದಕ್ಕಿಂತ ತಲೆಕೆಟ್ಟ ಮಾತು ಆಮೇಲೆ ಬಂತು. ಹುಳುಕನ್ನೆಲ್ಲ ಕೊರೆದು ತೆಗೆಯುವುದಿಲ್ಲವಂತೆ. ನರದ ಮೇಲಿನ ಕೊನೆಯ ತೆಳು ಪದರವನ್ನು ಹಾಗೇ ಬಿಟ್ಟು, ಅದರ ಮೇಲೆ ಔಷಧಿ ಹಚ್ಚಿ, ಮೇಲಿನಿಂದ ಸಿಮೆಂಟು ಹಾಕಿ ಮುಚ್ಚುತ್ತಾರಂತೆ. ಕೆದಕಿದರೆ ನರ ಹೊರಗೆ ಬಿದ್ದು ಸತ್ತೇಹೋಗುತ್ತದೆ, ಸುಮ್ಮನೆ ಬಿಟ್ಟರೆ ಒಳಗಿಂದ ಹಲ್ಲೇ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ. ಒಂದೂವರೆ ತಿಂಗಳು ಬಿಟ್ಟು ತೆರೆದು ನೋಡಿ, ನರ ಬದುಕಿದ್ದರೆ ಬೆಳ್ಳಿ ತುಂಬಿಸುವುದು. ಜಿರಳೆಯನ್ನು ಒಳಗೇ ಬಿಟ್ಟು ಡಬ್ಬದ ಮುಚ್ಚಳ ಹಾಕಿದ ಹಾಗಾಯಿತಲ್ಲ ಎಂದು ನಾನು ಬಾಯಿತುಂಬ ಹತ್ತಿ ಇಟ್ಟುಕೊಂಡೇ ವಾದಿಸಿದೆ. ಅದು ಅವರಿಗೆ ಯಾವ ಭಾಷೆಯಾಗಿ ಕೇಳಿಸಿತೋ, "ಹೋ, ಹೋ" ಎಂದು ತಲೆಯಾಡಿಸುತ್ತಾ ಕೊರೆದರು. ಕಡೆಗೆ ಕಟ್ಟಪ್ಪಣೆ ಮಾಡಿದರು: ಎಡಗಡೆ ಅಗಿಯಬಾರದು, ಕೆದಕಬಾರದು, ಮನೆಮದ್ದು ಏನೂ ಹಾಕಬಾರದು. ಮನೆಗೆ ಬಂದವನೇ ಸುಮತಿಯ ಲವಂಗದೆಣ್ಣೆಯ ಸೀಸೆಯನ್ನು ಅವಳ ಕಣ್ಣೆದುರೇ ಗಟಾರಕ್ಕೆ ಎಸೆದೆ.

ಮರುದಿನ ಬೆಳಿಗ್ಗೆ ಸಾಂಬಾರಿನ ರುಚಿ ನೋಡಿದೆ. ಲವಂಗ! ಗಮ್ಮೆಂದು ಲವಂಗ! ನಮ್ಮ ಅಡುಗೆಯ ವಾಸು ಭಟ್ಟರು ಉಡುಪಿ ಕಡೆಯವರು. ಅವರ ಸಾಂಬಾರಿಗಾಗಿ ಠಾಣೆ ಊರಿನಿಂದ ಲೋಕಲ್ ಗಾಡಿ ಹಿಡಿದು ಬರುವವರಿದ್ದರು. ಅವರೂ ಅದಕ್ಕೆ ತಕ್ಕಂತೆ ಸಿಟ್ಟಿನ ಮನುಷ್ಯ. ಆಗಷ್ಟೇ ತುರ್ಭೆಯಲ್ಲಿ ಹೊಸ ಹೋಟೆಲು ಹಾಕಿದವನೊಬ್ಬ ಅವರನ್ನು ಹಾರಿಸಿಕೊಂಡು ಹೋಗಲು ಹೊಂಚುಹಾಕುತ್ತಿದ್ದ. ಭಟ್ಟರು ಹೋದರೆ ನಾನು ಬಾಗಿಲು ಹಾಕಿ ಊರಿನ ಬಸ್ಸು ಹತ್ತಬೇಕು, ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ?

"ಭಟ್ರೆ, ಸಾಂಬಾರಿಗೆ ಲವಂಗ ಯಾಕೆ ಹಾಕಿದ್ದು?"

"ಎಂತ? ಲವಂಗವಾ? ನಾನಾ?" ಭಟ್ಟರು ಸೌಟು ಎತ್ತಿದರು. "ಮೂವತ್ತು ವರ್ಷ ಆಯ್ತು ರಾಯರೆ ಈ ಕೈ ಸಾಂಬಾರು ಮಾಡ್ಲಿಕ್ಕೆ ಶುರು ಮಾಡಿ. ಲವಂಗ ಹಾಕ್ಲಿಕ್ಕೆ ಇದೆಂತ ಬಿರಿಯಾನಿಯಾ?"

ಚಟ್ನಿ ನೋಡಿದೆ, ಲವಂಗ. ಕಾಫಿ ಕುಡಿದೆ, ಲವಂಗ. ಮಸಾಲೆಯ ಸೌಟನ್ನು ಎಲ್ಲದಕ್ಕೂ ಅದ್ದುತ್ತಿದ್ದಾರೆಂದು ತೀರ್ಮಾನಿಸಿದೆ. ಮನೆಗೆ ಹೋಗಿ ಗಂಜಿ ಉಂಡೆ, ಅದರಲ್ಲೂ ಲವಂಗ. ಇದು ಸುಮತಿಯ ಕೆಲಸ, ಇನ್ನೊಂದು ಸೀಸೆ ತಂದು ಗುಟ್ಟಾಗಿ ಗಂಜಿಗೆ ಹಾಕಿ ನನ್ನ ಹಲ್ಲನ್ನು ಉದ್ಧಾರ ಮಾಡುತ್ತಿದ್ದಾಳೆ! ಕೂಗಾಡಿದೆ. ಅವಳು ಗಂಜಿಯ ಪಾತ್ರೆಯನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿದು, "ಮೂಸಿ ನೋಡಿ. ನಾಲ್ಕು ದಿನ ನಾನು ಬಾಯಿ ಮುಚ್ಚಿಕೊಂಡು ಇರ್ತೇನೆ, ನೀವೂ ಮುಚ್ಚಿಕೊಳ್ಳಿ" ಎಂದಳು. ಇಡೀ ಡೊಂಬಿವಲಿ ಸೇರಿ ಸಂಚು ಮಾಡಿದೆ ಎಂದು ನಂಬಲು ನನಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ನನ್ನ ಬಾಯಲ್ಲೇ ಏನಾದರೂ ಇರಬಹುದು ಎಂದು ಮಾತ್ರ ಹೊಳೆಯಲಿಲ್ಲ. ನನಗೆ ಗೊತ್ತಿದ್ದ ಸಿಮೆಂಟು ಗೋಣಿಯಲ್ಲಿ ಬರುವಂಥದ್ದು, ಅದರಲ್ಲಿ ಲವಂಗ ಎಲ್ಲಿಂದ ಬರಬೇಕು ಹೇಳಿ?

ವಾರವಿಡೀ ದಿನಾ ಬೆಳಿಗ್ಗೆ ಇದೇ ರಾಮಾಯಣ. ಭಟ್ಟರು ಕೊತ್ತಂಬರಿ ಕಮ್ಮಿ ಮಾಡಿದರು, ಮೆಂತೆ ಬಿಟ್ಟರು, ಇಂಗನ್ನೂ ಬಿಟ್ಟರು. ನನಗೆ ಲವಂಗ ಹೋಗಲಿಲ್ಲ, ಗಿರಾಕಿಗಳಿಗೆ ಸಾಂಬಾರು ಹೋಯಿತು. "ಯಾಕ್ರೀ ಯಜಮಾನ್ರ, ಬ್ಯಾಳಿ ತೊಳದ ನೀರು ಹಾಕಾಕತ್ತೀರೇನು?" ಎಂದು ಶರಣಪ್ಪ ಹೋಟೆಲಿಗೆಲ್ಲ ಕೇಳುವ ಹಾಗೆ ಕೇಳಿದ. ಭಟ್ಟರು ಅಡುಗೆಮನೆಯಿಂದ ಹೊರಗೆ ಬಂದರು. ಹೆಗಲ ಮೇಲಿನ ಬೈರಾಸು ಕೊಡವಿದರು. "ಕೇಳಿದ್ರಲ್ಲ ರಾಯರೆ? ಈ ಮರ್ಯಾದೆ ಸಾಕು. ನಾಳೆ ಬೆಳಿಗ್ಗೆ ನಾನು ತುರ್ಭೆಗೆ" ಎಂದವರೇ ಅಟ್ಟದಿಂದ ಟ್ರಂಕು ಇಳಿಸಿದರು.

ವಾರ ಬಿಟ್ಟು ಒಮ್ಮೆ ಬಂದು ಹೋಗಿ ಎಂದಿದ್ದ ಡಾಕ್ಟರ್ ಬಾಯಿಗೆ ಆ ಸಂಜೆಯೇ ಹಲ್ಲು ತೋರಿಸುವುದಿತ್ತು. ಸುಮತಿಯೂ ಹೊರಟಳು, ನನ್ನ ಮೇಲಿನ ಪ್ರೀತಿಗಲ್ಲ, ದೂರು ಹೇಳುವುದಕ್ಕೆ. ಹಲ್ಲಿನ ಔಷಧಿ ತಲೆಗೆ ಏರುವುದುಂಟೇ ಎಂದು ತನ್ನ ಅರೆಬರೆ ಹಿಂದಿಯಲ್ಲಿ ಕೇಳಿದಳು. ಎಲ್ಲದರಲ್ಲೂ ಲವಂಗ ಎನ್ನುತ್ತಾರೆ, ಮನೆಯಲ್ಲಿ ಜಗಳ, ಹೋಟೆಲಿನಲ್ಲಿ ಜಗಳ, ನಾಳೆ ಅಡುಗೆಯವರು ಬಿಟ್ಟುಹೋಗುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ಡಾಕ್ಟರ್ ಬಾಯಿ ಕಪಾಟಿನಿಂದ ಒಂದು ಪುಟ್ಟ ಸೀಸೆ ತೆಗೆದು ಮುಚ್ಚಳ ಬಿಚ್ಚಿ ನನ್ನ ಮೂಗಿಗೆ ಹಿಡಿದರು. ಲವಂಗ. ಹಲ್ಲಿನ ಸಿಮೆಂಟಿನ ಪುಡಿಯನ್ನು ಲವಂಗದ ಎಣ್ಣೆಯಲ್ಲೇ ಕಲಸುವುದಂತೆ. ಸುಮತಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಸ ಚೆನ್ನಾಗಿದೆ, ನೀವು ಕೆದಕಬೇಡಿ" ಎಂದರು ಡಾಕ್ಟರ್ ಬಾಯಿ. ಹಲ್ಲನ್ನು ನಾನು ಮುಟ್ಟಿಯೂ ಇರಲಿಲ್ಲ. ಕೆದಕಿದ್ದೆಲ್ಲ ಭಟ್ಟರನ್ನು.

ನಡೆದದ್ದನ್ನು ಭಟ್ಟರಿಗೆ ಹೇಳಿದ್ದೂ ಸುಮತಿಯೇ, ನಾನು ಅವಳ ಹಿಂದೆ ಕಂಬದ ಹಾಗೆ ನಿಂತಿದ್ದೆ. ಭಟ್ಟರು ಟ್ರಂಕಿನ ಮೇಲೆ ಕೂತೇ ಕೇಳಿಸಿಕೊಂಡರು. "ಅಕ್ಕನ ಮುಖ ನೋಡಿ ನಿಲ್ತೇನೆ. ಆ ಸಿಮೆಂಟು ಹೋಗುವವರೆಗೆ ರಾಯರು ನನ್ನ ಸಾಂಬಾರಿಗೆ ಬಾಯಿ ಹಾಕ್ಬಾರ್ದು." ಒಪ್ಪಿದೆ, ಒಪ್ಪದೆ ಎಲ್ಲಿಗೆ ಹೋಗುವುದು? ಇಂಗು, ಮೆಂತೆ ವಾಪಸು ಬಂದವು, ಗಿರಾಕಿಗಳೂ ಬಂದರು. ನಾನೊಬ್ಬ ಮಾತ್ರ ನನ್ನದೇ ಹೋಟೆಲಿನಲ್ಲಿ ಬೇರೆಯವರು ಸುರ್ರೆಂದು ಸಾಂಬಾರು ಕುಡಿಯುವುದನ್ನು ನೋಡುತ್ತಾ ಕೂತೆ. ಮನೆಯಲ್ಲಿ ಬಲಗಡೆಯಿಂದ ಲವಂಗದ ಅನ್ನ, ಲವಂಗದ ಮಜ್ಜಿಗೆ ನುಂಗುತ್ತಾ ದಿನ ದೂಡಿದೆ.

ಅಂತೂ ಆ ದಿನ ಬಂತು. ಡಾಕ್ಟರ್ ಬಾಯಿ ಸಿಮೆಂಟು ತೆಗೆದು ಒಳಗೆ ನೋಡಿ, ಗೋಡೆ ಗಟ್ಟಿಯಾಗಿದೆ, ನರ ಬದುಕಿದೆ ಎಂದು ಬೆಳ್ಳಿ ತುಂಬಿಸಿದರು. ಮರುದಿನ ಬೆಳಿಗ್ಗೆ ಭಟ್ಟರೇ ಲೋಟದಲ್ಲಿ ಬಿಸಿ ಸಾಂಬಾರು ಹಿಡಿದುಕೊಂಡು ಗಲ್ಲಾಕ್ಕೆ ಬಂದರು. ಮುಖದಲ್ಲಿ ಅಪರೂಪಕ್ಕೆ ನಗು ಇತ್ತು. ನಾನು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. "ಆಹಾ" ಎನ್ನಬೇಕೆಂದು ರಾತ್ರಿಯೇ ನಿಶ್ಚಯಿಸಿದ್ದೆ. ಇನ್ನೊಂದು ಗುಟುಕು ಕುಡಿದೆ. ಏನೋ ಕಮ್ಮಿ ಅನಿಸಿತು. ಹಾಳಾದ ಬಾಯಿ ಆಗಲೂ ಸುಮ್ಮನಿರಲಿಲ್ಲ.

"ಭಟ್ರೆ," ಎಂದೆ, "ಬೇಜಾರು ಮಾಡ್ಕೊಳ್ಬೇಡಿ. ಇದಕ್ಕೆ ಒಂದೇ ಒಂದು ಲವಂಗ ಹಾಕಿದ್ರೆ ಹೇಗೆ?"

ಭಟ್ಟರು ನನ್ನ ಕೈಯಿಂದ ಲೋಟ ಕಿತ್ತುಕೊಂಡರು. ಅಟ್ಟದ ಕಡೆ ಒಮ್ಮೆ ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಯಾರಾದ್ರೂ ಹೋಗಿ ಅಕ್ಕನ್ನ ಕರ್ಕೊಂಡು ಬನ್ನಿ ಮಾರಾಯ್ರೆ! ರಾಯರಿಗೆ ಇನ್ನೊಂದು ಹಲ್ಲು ಹುಳುಕಾಗಿದೆ!"

ನಾನು ಗುಟ್ಟಾಗಿ ನಾಲಿಗೆಯಿಂದ ಬಲಗಡೆಯ ಹಲ್ಲನ್ನು ಮುಟ್ಟಿ ನೋಡಿಕೊಂಡೆ. ಯಾಕೋ ಸಣ್ಣಗೆ ಜುಂ ಎಂದಿತು.